ಟಿ6ಕ್ಕಿಂತ ಮೇಲೋ, ಕೆಳಗೋ?

ಬೆನ್ನುಹುರಿಗೆ ಪೆಟ್ಟಾದವರಿಗೆ ವ್ಯಾಯಾಮ ಮಾಡಿಸುವ ಪಾಠದಲ್ಲಿ ನಾವೆಲ್ಲ ಮೊದಲು ಉರು ಹೊಡೆಯುವುದು ನಿಮಿಷಗಳ ಲೆಕ್ಕ. 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಇಷ್ಟು: ಫಿಟ್‌ನೆಸ್‌ಗೆ ವಾರಕ್ಕೆರಡು ಸಲ ಕನಿಷ್ಠ 20 ನಿಮಿಷ ಏರೋಬಿಕ್ ವ್ಯಾಯಾಮ, ಜೊತೆಗೆ, ಕೆಲಸ ಮಾಡುತ್ತಿರುವ ಪ್ರತಿ ಮುಖ್ಯ ಸ್ನಾಯುಗುಂಪಿಗೂ ವಾರಕ್ಕೆರಡು ಸಲ ಮೂರು ಸೆಟ್. ಹೃದಯ, ಸಕ್ಕರೆ, ಕೊಬ್ಬಿನ ದೃಷ್ಟಿಯಿಂದಾದರೆ ವಾರಕ್ಕೆ ಮೂರು ಸಲ 30 ನಿಮಿಷ. ಗಾಯವಾಗಿ ವರ್ಷ ಕಳೆದ ವಯಸ್ಕರಿಗೆ ಇದು. ಪರೀಕ್ಷೆಗೆ ಸಾಕು, ಗಾಲಿಕುರ್ಚಿಯ ಮುಂದೆ ನಿಂತಾಗ ಸಾಲದು.

ಅಲ್ಲಿ ಮೊದಲು ನೋಡಬೇಕಾದ್ದು ಗಾಯದ ಮಟ್ಟ, ಅಂದರೆ ಬೆನ್ನುಹುರಿಯಲ್ಲಿ ಪೆಟ್ಟು ಎಷ್ಟು ಎತ್ತರದಲ್ಲಿದೆ ಎಂಬುದು. ಕುತ್ತಿಗೆಯ ಭಾಗಕ್ಕೆ ಸಿ, ಎದೆಯ ಭಾಗಕ್ಕೆ ಟಿ ಎಂದು ಗುರುತು; ಎಣಿಕೆ ಮೇಲಿನಿಂದ ಕೆಳಕ್ಕೆ. ಕುತ್ತಿಗೆಯಲ್ಲಿ, ಸಿ7ರಲ್ಲಿ, ಪೂರ್ಣ ಗಾಯವಾದ ಇಪ್ಪತ್ತೈದರ ಯುವಕ ಎಂದುಕೊಳ್ಳಿ. ನಾಡಿಯ ಗರಿಷ್ಠ ವೇಗ ಅಂದಾಜಿಸುವ ಮಾಮೂಲಿ ಲೆಕ್ಕದಂತೆ 220ರಲ್ಲಿ ವಯಸ್ಸು ಕಳೆದರೆ ನಿಮಿಷಕ್ಕೆ 195. ಆದರೆ ಅವನ ನಾಡಿ ಎಷ್ಟು ದಣಿದರೂ 120-130ರ ಆಸುಪಾಸಿನಲ್ಲೇ ನಿಂತುಬಿಡಬಹುದು. ಹೃದಯವನ್ನು ಓಡಿಸುವ ಸಿಂಪಥೆಟಿಕ್ ನರಗಳು ಎದೆಯ ಮೇಲ್ಭಾಗದ ಮಟ್ಟದಿಂದ ಹೊರಡುತ್ತವೆ. ಗಾಯ ಅದಕ್ಕಿಂತ ಮೇಲಿರುವುದರಿಂದ ಅಲ್ಲಿಗೆ ಮಿದುಳಿನ ಆಜ್ಞೆ ತಲುಪುವುದಿಲ್ಲ. ಹೃದಯವನ್ನು ನಿಧಾನಿಸುವ ವೇಗಸ್ ನರದ ಬ್ರೇಕ್ ಸಡಿಲಿಸಬಹುದು, ಆಕ್ಸಿಲರೇಟರ್ ತುಳಿಯಲಾಗದು. ಹಾಗಾಗಿ ನಾಡಿ ಬಿಟ್ಟು ಉಸಿರನ್ನು ಗಮನಿಸಿ: ಮಾತಾಡಬಹುದು ಆದರೆ ಹಾಡಲಾಗದು ಎಂದರೆ ಮಧ್ಯಮ ತೀವ್ರತೆ.

ಟಿ6 ಅಥವಾ ಅದಕ್ಕಿಂತ ಮೇಲಿನ ಗಾಯವಾದರೆ ಅಟಾನಮಿಕ್ ಡಿಸ್‌ರಿಫ್ಲೆಕ್ಸಿಯಾ ತಲೆಯಲ್ಲಿರಲಿ, ಅಂದರೆ ಗಾಯದ ಕೆಳಗಿನ ಯಾವುದೋ ಕಿರಿಕಿರಿಗೆ ರಕ್ತದೊತ್ತಡ ಹತೋಟಿ ಮೀರಿ ಏರುವುದು. ತುಂಬಿದ ಮೂತ್ರಕೋಶ, ಮಡಚಿಕೊಂಡ ಕ್ಯಾಥೆಟರ್ (ಮೂತ್ರ ಹೊರತೆಗೆಯುವ) ನಳಿಕೆ, ಮಲಬದ್ಧತೆ, ಬಿಗಿದ ಪಟ್ಟಿ, ಯಾವುದಾದರೂ ಸಾಕು, ರಕ್ತದೊತ್ತಡ ಜಿಗಿಯುತ್ತದೆ. ತಲೆ ಸಿಡಿಯುತ್ತದೆ, ಮುಖ ಕೆಂಪಾಗುತ್ತದೆ. ಇವರ ಮಾಮೂಲಿ ಸಿಸ್ಟಾಲಿಕ್ (ರಕ್ತದೊತ್ತಡದ ಮೇಲಿನ ಅಂಕಿ) 90-100 ಇರಬಹುದು. ಆಗ ನಮ್ಮ ಕಣ್ಣಿಗೆ ಸಾಧಾರಣವೆನಿಸುವ 135 ಕೂಡ ಅಪಾಯದ ಸೂಚನೆ. ಮಾಮೂಲಿಗಿಂತ 20 ಏರಿದರೂ ವ್ಯಾಯಾಮ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಪಟ್ಟಿ-ಬಟ್ಟೆ ಸಡಿಲಿಸಿ, ಕ್ಯಾಥೆಟರ್ ನೋಡಿ. ಕಾರಣ ಸಿಗದಿದ್ದರೆ, ಒತ್ತಡ ಇಳಿಯದಿದ್ದರೆ, ತಡಮಾಡದೆ ವೈದ್ಯರನ್ನು ಕರೆಯಿರಿ. (ಕೆಲವು ಕ್ರೀಡಾಪಟುಗಳು ಇದೇ ಏರಿಕೆಯನ್ನು ಬೇಕೆಂದೇ ಬರಿಸಿಕೊಂಡು ಸ್ಪರ್ಧಿಸುತ್ತಿದ್ದರು! 'ಬೂಸ್ಟಿಂಗ್' ಅಂತ ಹೆಸರು. ಈಗ ನಿಷಿದ್ಧ.)

ಗಾಯದ ಕೆಳಗೆ ಬೆವರೂ ಸರಿಯಾಗಿ ಬರುವುದಿಲ್ಲ. ರಾಯಚೂರಿನ ಏಪ್ರಿಲ್‌ನಲ್ಲಿ ಮಧ್ಯಾಹ್ನದ ಅಭ್ಯಾಸ ಬೇಡ. ನೀರು ಚಿಮುಕಿಸುವ ಬಾಟಲಿ ಹತ್ತಿರವಿರಲಿ.

ಇನ್ನು ಭುಜ. ಕುರ್ಚಿ ತಳ್ಳುವುದು, ಹಾಸಿಗೆಯಿಂದ ಕುರ್ಚಿಗೆ ದಾಟುವುದು, ಎಲ್ಲ ಭಾರ ಅದರ ಮೇಲೆಯೇ. ತಳ್ಳಿ ತಳ್ಳಿ ಎದೆಯ ಸ್ನಾಯು ಬಲಿಯುತ್ತದೆ, ಬೆನ್ನಿನದು ಹಿಂದೆ ಬೀಳುತ್ತದೆ. ಆದ್ದರಿಂದ ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮಕ್ಕೆ ಹೆಚ್ಚು ಜಾಗ ಕೊಡಿ. 1948ರ ಜುಲೈ 29ರಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ಅಲ್ಲಿನ ಆಸ್ಪತ್ರೆಯ ಡಾ. ಲುಡ್ವಿಗ್ ಗುಟ್ಮನ್ ಗಾಯಾಳು ಮಾಜಿ ಯೋಧರ ಕೈಗೆ ಕೊಟ್ಟದ್ದು ಬಿಲ್ಲು. ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲಿದೆ. ಬಿಲ್ಲು ಹೆದೆಯೇರಿಸಿ ಎಳೆಯುವಾಗ ದುಡಿಯುವುದೂ ಹೆಗಲ ಹಿಂಭಾಗವೇ.

ಇಷ್ಟೆಲ್ಲ ಸರಿಯಿದ್ದರೂ ಹಾಳೆಯಲ್ಲಿ ಬರೆದ ವ್ಯಾಯಾಮ ಹಾಳೆಯಲ್ಲೇ ಉಳಿಯುತ್ತದೆ. ಸಾಮಾನ್ಯವಾಗಿ ಅದು ಸೋಮಾರಿತನವಲ್ಲ. ಬೆಳಗಿನ ಶೌಚ, ಸ್ನಾನಕ್ಕೇ ಎರಡು ತಾಸು ಹೋದೀತು. ಹೊಸ್ತಿಲು ದಾಟಿಸುವವರು ಕೆಲಸಕ್ಕೆ ಹೋಗಿರುತ್ತಾರೆ. "ದಿನಾ ಮಾಡಿ" ಎನ್ನುವ ಬದಲು ಅವರ ಜೊತೆ ಕೂತು ಹೀಗೆ ಬರೆಯಿಸಿ: ಮಂಗಳವಾರ, ಶುಕ್ರವಾರ, ಕ್ಯಾಥೆಟರ್ ಹಾಕಿ ಮೂತ್ರಕೋಶ ಖಾಲಿ ಮಾಡಿದ ಮೇಲೆ, ಸಂಜೆ ಐದಕ್ಕೆ, ಓಣಿಯ ಸಿಮೆಂಟ್ ರಸ್ತೆಯಲ್ಲಿ. ಹೊಸ್ತಿಲು ದಾಟಿಸುವ ತಮ್ಮ ಬರದಿದ್ದರೆ ಕಿಟಕಿಯ ಸರಳಿಗೆ ಬ್ಯಾಂಡ್ ಕಟ್ಟಿ ಒಳಗೇ.