ಕಡಲಂಚಿನ ಮುರಕಲ್ಲು ಗುಡ್ಡದಲ್ಲಿ ಅಪರೂಪದ ಹೂ ಹುಡುಕುವುದು

ಗೋಕರ್ಣದ ಓಂ ಬೀಚಿನ ಮೇಲಿನ ಗುಡ್ಡವನ್ನು ಬೇಸಿಗೆಯಲ್ಲಿ ಹತ್ತಿದವರಿಗೆ ಕಾಣುವುದು ಕಾದ ಕಲ್ಲು, ಒಣ ಹುಲ್ಲು, ಅಷ್ಟೇ. ಇಂಥ ಜಾಗವನ್ನು ಪಾಳು ಅಂದು ಕಲ್ಲು ಕ್ವಾರಿಗೆ ಕೊಟ್ಟುಬಿಡುವುದು ನಿಜಕ್ಕೂ ಹೊಟ್ಟೆ ಉರಿಸುತ್ತದೆ. ಯಾಕೆಂದರೆ ಜೂನ್ ಮಳೆ ಬಿದ್ದ ಮೇಲೆ ಇಲ್ಲಿ ನಡೆಯುವುದೇ ಬೇರೆ.

ಮುರಕಲ್ಲು ಅಂದರೆ ಜಂಬಿಟ್ಟಿಗೆ, ಅದರ ಮೇಲೆ ಮಣ್ಣು ತೆಳು. ಇರುವ ಸಾರವನ್ನೂ ಮಳೆ ತೊಳೆದುಬಿಡುತ್ತದೆ. ನಾಲ್ಕು ತಿಂಗಳು ನೆನೆದು, ಉಳಿದ ಕಾಲವೆಲ್ಲ ಒಣಗುವ ಇಂಥ ಕಡೆ ಮರ ನಿಲ್ಲುವುದು ಕಷ್ಟ, ಹಾಗಾಗಿ ಒಂದೇ ಮಳೆಗಾಲದಲ್ಲಿ ಹುಟ್ಟಿ ಹೂಬಿಟ್ಟು ಬೀಜ ಉದುರಿಸುವ ಪುಟ್ಟ ಗಿಡಗಳಿಗೂ ನೆಲದಡಿ ಗೆಡ್ಡೆಯಾಗಿ ಕಾಯುವ ಗಿಡಗಳಿಗೂ ಜಾಗ ಸಿಗುತ್ತದೆ.

ಹುಡುಕುವಾಗ ಮೊದಲು ನೀರನ್ನು ನೋಡಿ. ನೀರು ತೆಳ್ಳಗೆ ಜಿನುಗುವ ಕಡೆ ಆಗಸ್ಟ್–ಸೆಪ್ಟೆಂಬರಿನಲ್ಲಿ ನೇರಳೆ ಹಾಸು ಕಂಡರೆ ಅದು ಹೆಚ್ಚಾಗಿ ಯುಟ್ರಿಕ್ಯುಲೇರಿಯಾ ಎಂಬ ಪುಟ್ಟ ಗಿಡ. ಇದಕ್ಕೆ ನಿಜವಾದ ಬೇರೇ ಇಲ್ಲ. ಒದ್ದೆ ಮಣ್ಣಿನೊಳಗೆ ಸಣ್ಣ ಚೀಲಗಳಿರುತ್ತವೆ, ಯಾವುದಾದರೂ ಸೂಕ್ಷ್ಮ ಜೀವಿ ಬಾಯಿಯ ಕೂದಲಿಗೆ ತಾಗಿದರೆ ಸಾಕು, ಕೆಲವೇ ಮಿಲಿಸೆಕೆಂಡುಗಳಲ್ಲಿ ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತವೆ. ಮಣ್ಣಿನಲ್ಲಿ ಸಿಗದ ಸಾರಜನಕ, ರಂಜಕ ಹೀಗೆ ಸಿಗುತ್ತವೆ. ಅಂಟು ಹನಿಗಳಿಂದ ಹುಳ ಹಿಡಿಯುವ ಡ್ರೋಸೆರಾ ಕೂಡ ಇಂಥ ಕಡೆಯೇ ಇರುತ್ತದೆ. ಅದರ ಹೂ ನೋಡಬೇಕಾದರೆ ಬಿಸಿಲಿರುವ ಬೆಳಗ್ಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ಅಲ್ಲೇ ಅಂಗಿಯ ಬಿಳಿ ಗುಂಡಿಗಳ ಹಾಗೆ ನಿಂತಿರುವುದು ಎರಿಯೋಕಾಲಾನ್ ಎಂಬ ಗಿಡದ ಹೂಗೊಂಚಲು. ಎಲ್ಲವೂ ಒಂದೇ ಅನ್ನಿಸುತ್ತದೆ, ಅಲ್ವಾ? ಜಾತಿ ಗೊತ್ತಾಗುವುದು ಬಿಡಿ ಹೂವನ್ನೂ ಬೀಜವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ. ಸಾಮಾನ್ಯ ಜಾತಿಗಳ ನಡುವೆಯೇ ಅಪರೂಪದ್ದೊಂದು ಇರಬಹುದು, ಅದಕ್ಕೇ ಒಂದೇ ಫೋಟೋ ನೋಡಿ ಹೆಸರು ಬರೆದುಬಿಡಬೇಡಿ. ಕಲ್ಲಿನ ನಡುವೆ ಸ್ವಲ್ಪ ಆಳ ಮಣ್ಣಿರುವ ಕಡೆ ಮೊದಲ ಮಳೆ ಬಿದ್ದ ಕೂಡಲೇ ಹುಡುಕಿ. ಮಹಾರಾಷ್ಟ್ರದ ರತ್ನಗಿರಿ ಕಡೆ ಬಿಳಿ ಹೂವಿನ ಅಪರೂಪದ ಡಿಪ್ಕಾಡಿ ಕಾಂಕನೆನ್ಸ್ ಗೆಡ್ಡೆಯಿಂದ ಮೇಲೇಳುವುದು ಆಗಲೇ. ಆಗಸ್ಟಿನಲ್ಲಿ ಹೋದರೆ ತಡವಾಗಿರುತ್ತದೆ.

ನೀರು ನಿಂತಿದೆಯೋ ಹರಿಯುತ್ತಿದೆಯೋ, ಮಣ್ಣು ಎಷ್ಟು ಆಳ, ಪಕ್ಕದಲ್ಲಿ ಏನಿದೆ ಎಂದು ಬರೆದುಕೊಳ್ಳಿ. ಗಿಡ ಕೀಳಬೇಡಿ. ಅಪರೂಪದ್ದು ಸಿಕ್ಕರೆ ನಿಖರ ಜಾಗವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ.

ಗುಡ್ಡದ ಅಂಚಿನ ವಿಷಯ ಮರೆಯಬೇಡಿ. ಮೇಲಿನ ಮುರಕಲ್ಲು ಗಟ್ಟಿ, ಅದರಡಿಯ ಶೇಡಿ ಮಣ್ಣು, ಅಂದರೆ ಜೇಡಿಮಣ್ಣು, ಮೆತ್ತಗೆ. ಕೆಳಗೆ ಮಣ್ಣು ಕೊರೆದುಹೋಗಿ ಮೇಲಿನ ಕಲ್ಲು ಸುಮ್ನೆ ಚಾಚಿಕೊಂಡು ನಿಂತಿರಬಹುದು, ಮೇಲೆ ನಿಂತವರಿಗೆ ಅದು ಗೊತ್ತೇ ಆಗುವುದಿಲ್ಲ. ಅಂಚಿನ ಗಿಡವನ್ನು ದೂರದಿಂದ ಬೈನಾಕ್ಯುಲರಿನಲ್ಲಿ ನೋಡಿ.