ಎಲ್ಲಿ ಮರೆಯಾಯಿತು, ಅದನ್ನು ಹೇಳಿ

ಮಳೆಗಾಲ ಮುಗಿದು ಪುಣೆಯ ಆಕಾಶ ತಿಳಿಯಾಗುತ್ತಿದ್ದಂತೆ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ಆಕಾಶ ವೀಕ್ಷಣೆಯ ಶಿಬಿರ ನಡೆಸುವುದು ನನ್ನ ವೃತ್ತಿ. ಇಲ್ಲಿನ ಕನ್ನಡಿಗರಿಗೆ ಮಾತ್ರ ನಾನು ಮೇಲೆ ಏನಾದರೂ ಮಿನುಗಿದರೆ ಕೇಳಬೇಕಾದ ಮನುಷ್ಯ. ಹಡಪ್ಸರದಿಂದ, ಕಾತ್ರಜದಿಂದ, ಕೆಲವೊಮ್ಮೆ ಡೊಂಬಿವಲಿಯಿಂದಲೂ ಕರೆ ಬರುತ್ತದೆ. ಬೆಳಕು ಎಷ್ಟು ದೊಡ್ಡದಿತ್ತು, ಎಷ್ಟು ಪ್ರಖರವಾಗಿತ್ತು ಎಂದು ಎಲ್ಲರೂ ಬಣ್ಣಿಸುತ್ತಾರೆ. ನನಗೆ ಬೇಕಾದದ್ದು ಎರಡೇ: ಗಂಟೆ ಎಷ್ಟಾಗಿತ್ತು? ಅದು ಎಲ್ಲಿ, ಹೇಗೆ ಮರೆಯಾಯಿತು?

ಚಿಂಚವಾಡದಲ್ಲಿ ಮಗನ ಮನೆಯಲ್ಲಿರುವ, ವಿಜಯಪುರ ಕಡೆಯ ಹಿರಿಯರೊಬ್ಬರು ಒಂದು ಚಳಿಗಾಲದ ಸಂಜೆ ಕರೆ ಮಾಡಿದ್ದರು. “ಸರ್, ಆಕಾಶದಲ್ಲಿ ರೈಲು ಹೋಯಿತು. ಇಂಜಿನ್ ಇಲ್ಲ, ಬರೀ ದೀಪದ ಡಬ್ಬಿಗಳು.”

“ಗಂಟೆ ಎಷ್ಟಿತ್ತು ಕಾಕಾ?”

“ಏಳೂಕಾಲು. ದೇವರಿಗೆ ದೀಪ ಹಚ್ಚಿ ಹೊರಗೆ ಬಂದಿದ್ದೆ.”

“ಕಟ್ಟಡದ ಹಿಂದೆ ಸರಿಯಿತೋ, ನಡು ಆಕಾಶದಲ್ಲೇ ಆರಿತೋ?”

“ನಡುವೆಯೇ. ನೆತ್ತಿ ದಾಟಿ ಸ್ವಲ್ಪ ಪೂರ್ವಕ್ಕೆ. ಒಂದೊಂದೇ ಬಂದು, ಎಲ್ಲವೂ ಅದೇ ಜಾಗದಲ್ಲಿ ಆರಿದವು.”

ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಅವರು ನೋಡಿದ್ದು ಸ್ಟಾರ್‌ಲಿಂಕ್ ಉಪಗ್ರಹಗಳ, ಅಂದರೆ ಸ್ಪೇಸ್‌ಎಕ್ಸ್ ಕಂಪನಿಯ ಇಂಟರ್‌ನೆಟ್ ಉಪಗ್ರಹಗಳ ಸಾಲು. ಅವು ಆರಿದ ಆ ಜಾಗ ಭೂಮಿಯ ನೆರಳಿನ ಅಂಚು.

ಉಪಗ್ರಹ ನಮಗೆ ಕಾಣುವುದು ತನ್ನ ದೀಪದಿಂದಲ್ಲ, ಬಿಸಿಲಿನಿಂದ. ನಮ್ಮ ಅಂಗಳದಲ್ಲಿ ಸೂರ್ಯ ಮುಳುಗಿದ ಮೇಲೂ ನೂರಾರು ಕಿಲೋಮೀಟರ್ ಎತ್ತರದಲ್ಲಿ ಬಿಸಿಲು ಉಳಿದಿರುತ್ತದೆ. ಲೆಕ್ಕ ಹಾಕಿ ನೋಡಿದರೆ, ಪುಣೆಯ ನೆತ್ತಿಯ ಮೇಲೆ 300 ಕಿ.ಮೀ. ಎತ್ತರದಲ್ಲಿ ಹಾಯುವ ವಸ್ತುವಿಗೆ ಸೂರ್ಯಾಸ್ತವಾಗಿ ಹೆಚ್ಚುಕಡಿಮೆ ಒಂದೂಕಾಲು ಗಂಟೆಯವರೆಗೆ ಬಿಸಿಲು ಸಿಗುತ್ತದೆ; 550 ಕಿ.ಮೀ. ಎತ್ತರದಲ್ಲಿದ್ದರೆ ಒಂದೂವರೆ ಗಂಟೆ ದಾಟುತ್ತದೆ. ಆಮೇಲೆ ನೆರಳು ಅದನ್ನೂ ನುಂಗುತ್ತದೆ. ಬೆಳಗಿನ ಜಾವ ಇದೇ ಆಟ ತಿರುವುಮುರುವಾಗಿ ನಡೆಯುತ್ತದೆ: ಖಾಲಿ ಆಕಾಶದಲ್ಲಿ ದೀಪ ತಟ್ಟನೆ ಹೊತ್ತಿಕೊಳ್ಳುತ್ತದೆ.

ಹಾಗಾಗಿ ನಡುರಾತ್ರಿ ಹನ್ನೆರಡಕ್ಕೆ ನೆತ್ತಿಯ ಮೇಲೆ ಬೆಳಕು ಸರಿಯಿತು ಎಂದು ಯಾರಾದರೂ ಹೇಳಿದರೆ ಅದು ಇಂಥ ಕೆಳಗಿನ ಕಕ್ಷೆಯ ಉಪಗ್ರಹವಲ್ಲ. ನಮ್ಮ ಅಕ್ಷಾಂಶದಲ್ಲಿ ಆ ಹೊತ್ತಿಗೆ, ಜೂನ್ ತಿಂಗಳಲ್ಲೂ, ನೆತ್ತಿಯ ಮೇಲಿನ ನೆರಳು ಸುಮಾರು 3,000 ಕಿ.ಮೀ. ಎತ್ತರಕ್ಕೆ ಏರಿರುತ್ತದೆ. ಲಂಡನ್ನಿನಲ್ಲಿರುವ ಮೊಮ್ಮಗ ಬೇಸಿಗೆಯ ನಡುರಾತ್ರಿ ಉಪಗ್ರಹ ನೋಡಿದೆ ಎಂದರೆ ನಂಬಿ. ಅಲ್ಲಿ ಆಗ ಸೂರ್ಯ ದಿಗಂತಕ್ಕಿಂತ ಬಹಳ ಕೆಳಗೆ ಇಳಿಯುವುದೇ ಇಲ್ಲ.

ಇನ್ನು ಆ ಸಾಲಿನ ಮಾತು. 2019ರ ಮೇ ತಿಂಗಳಲ್ಲಿ ಸ್ಟಾರ್‌ಲಿಂಕ್‌ನ ಮೊದಲ 60 ಉಪಗ್ರಹಗಳು ಒಂದೇ ರಾಕೆಟ್ಟಿನಲ್ಲಿ ಹಾರಿದವು. ಹೀಗೆ ಒಟ್ಟಿಗೆ ಬಿಡುಗಡೆಯಾದ ಗುಂಪು ಮೊದಲ ಕೆಲವು ದಿನ ಒತ್ತೊತ್ತಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಆಮೇಲೆ ಪ್ರತಿಯೊಂದೂ ತನ್ನ ಪುಟ್ಟ ಎಂಜಿನ್ನಿನ ಬಲದಿಂದ ನಿಧಾನವಾಗಿ ಮೇಲೇರುತ್ತದೆ, ಸಾಲು ಚದುರುತ್ತದೆ, ಹೊಳಪೂ ಕುಗ್ಗುತ್ತದೆ. ಪೇಟೆಯ ಬೆಳಕಿನಲ್ಲಿ ಆಮೇಲೆ ಅವನ್ನು ಹುಡುಕಿದರೂ ಸಿಗುವುದು ಕಷ್ಟ. ಮರುವಾರ ಅದೇ ಹೊತ್ತಿಗೆ ನೆಂಟರನ್ನೆಲ್ಲ ಮಾಳಿಗೆಗೆ ಕರೆದೊಯ್ದು ಏನೂ ಕಾಣದೆ ಪೆಚ್ಚಾದವರು ಬಹಳ ಜನ ಇದ್ದಾರೆ.

ಒಂಟಿ ಬೆಳಕು, ಮಿಟುಕುವುದಿಲ್ಲ, ಗುರುವಿಗಿಂತ ಹೊಳಪು, ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಐದಾರು ನಿಮಿಷದಲ್ಲಿ ಆಕಾಶ ದಾಟಿತು ಎಂದರೆ ಅದು ಬಹುಮಟ್ಟಿಗೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಸುಮಾರು 400 ಕಿ.ಮೀ. ಎತ್ತರದಲ್ಲಿ ತೊಂಬತ್ತು ಚಿಲ್ಲರೆ ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ನಿಧಾನವಾಗಿ ಹೊಳೆದು, ಮಂಕಾಗಿ, ಮತ್ತೆ ಹೊಳೆಯುತ್ತಿದ್ದರೆ ಅದು ಉರುಳುತ್ತಾ ಸಾಗುವ ಹಳೆಯ ರಾಕೆಟ್ಟಿನ ಹಂತ, ಅಂದರೆ ಕೆಲಸ ಮುಗಿಸಿ ಕಕ್ಷೆಯಲ್ಲೇ ಉಳಿದ ಅದರ ಭಾಗವಿರಬಹುದು. ಪಟಪಟನೆ ಮಿಟುಕಿದರೆ, ಕೆಂಪು ಹಸಿರು ಕಂಡರೆ ವಿಮಾನ. ಲೋಹಗಾಂವ್‌ಗೆ ಇಳಿಯುವ ವಿಮಾನ ನೇರ ನಮ್ಮತ್ತಲೇ ಬರುತ್ತಿದ್ದರೆ ಅದರ ದೀಪ ಎಷ್ಟೋ ಹೊತ್ತು ಕದಲದೆ ನಿಂತಂತಿರುತ್ತದೆ. ಹೆದರಿಕೆ ಹುಟ್ಟಿಸುವುದರಲ್ಲಿ ಇದಕ್ಕೇ ಮೊದಲ ಸ್ಥಾನ. ಎರಡನೆಯದು ಶುಕ್ರನಿಗೆ.

ಕರೆ ಮಾಡಿದವರು ವಿಡಿಯೊವನ್ನೂ ಕಳಿಸುತ್ತಾರೆ. ಅದರಲ್ಲಿ ಬೆಳಕಿನ ತಟ್ಟೆಯೊಂದು ಉಬ್ಬುತ್ತದೆ, ಕುಗ್ಗುತ್ತದೆ, ಅಂಚಿನಲ್ಲಿ ಮೂಲೆಗಳೂ ಮೂಡುತ್ತವೆ. ಅದು ಆಕಾಶದ್ದಲ್ಲ, ಮೊಬೈಲಿನದು. ಕತ್ತಲಲ್ಲಿ ಒಂದು ಚುಕ್ಕಿಯ ಮೇಲೆ ಫೋಕಸ್ ಕೂರಿಸಲಾಗದೆ ಕ್ಯಾಮೆರಾ ಒದ್ದಾಡುತ್ತದೆ, ಫೋಕಸ್ ತಪ್ಪಿದರೆ ಯಾವ ಚುಕ್ಕಿಯಾದರೂ ತಟ್ಟೆಯಾಗುತ್ತದೆ. ಬೀದಿ ದೀಪವನ್ನೇ ಹಾಗೆ ಚಿತ್ರಿಸಿ ನೋಡಿ. ವಿಡಿಯೊಗಿಂತ ನಿಮ್ಮ ಮುಷ್ಟಿ ಮೇಲು: ತೋಳು ನೀಡಿ ಹಿಡಿದ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ ಅಗಲ. ದಿಗಂತದಿಂದ ಎಷ್ಟು ಮುಷ್ಟಿ ಎತ್ತರದಲ್ಲಿತ್ತು ಎಂದು ಹೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಬಿಸಿಲಿನ ಹಂಗಿಲ್ಲದೆ ತಾನೇ ಉರಿದು ಬೆಳಗುವ ಬಾಹ್ಯಾಕಾಶದ ವಸ್ತುವೂ ಉಂಟು. 2022ರ ಏಪ್ರಿಲ್ 2, ಯುಗಾದಿ. ಚಂದ್ರನನ್ನು ನೋಡಲು ಮಾಳಿಗೆ ಹತ್ತಿದವರು ಕೆಳಗಿಳಿಯುವ ಹೊತ್ತಿಗೆ ವಿದರ್ಭದ ಆಕಾಶದಲ್ಲಿ ಬೆಂಕಿಯ ಗೆರೆಗಳು ಸಾಲಾಗಿ ಹರಿದವು. ಉಲ್ಕಾಪಾತ ಎಂದು ಸುದ್ದಿಯಾಯಿತು. ಉಲ್ಕೆ ಸಾಮಾನ್ಯವಾಗಿ ಒಂದೆರಡು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಇವು ತುಂಡು ತುಂಡಾಗಿ, ಅವಸರವಿಲ್ಲದೆ ಸಾಗಿದವು. ಕಕ್ಷೆಯಿಂದ ಜಾರಿ ವಾಯುಮಂಡಲಕ್ಕೆ ಬೀಳುವ ಯಂತ್ರದ ಗುರುತೇ ಅದು. ಚಂದ್ರಪುರ ಜಿಲ್ಲೆಯ ಲಾಡಬೋರಿ ಎಂಬ ಹಳ್ಳಿಯಲ್ಲಿ ದೊಡ್ಡ ಲೋಹದ ಉಂಗುರವೊಂದು ಬಿದ್ದಿತ್ತು. 2021ರ ಫೆಬ್ರವರಿಯಲ್ಲಿ ಹಾರಿದ್ದ ಚೀನಾದ ಚಾಂಗ್ ಜೆಂಗ್ 3ಬಿ ರಾಕೆಟ್ಟಿನ ಮೂರನೇ ಹಂತ ಇದಾಗಿರಬೇಕು ಎಂದು ಖಗೋಳ ವಿಜ್ಞಾನಿ ಜೊನಾಥನ್ ಮೆಕ್‌ಡೊವೆಲ್ ಗುರುತಿಸಿದರು.

ಮುಂಚಿತವಾಗಿ ತಿಳಿದು ನೋಡಬೇಕೆನ್ನುವವರಿಗೆ ಹೆವನ್ಸ್ ಅಬವ್ (Heavens-Above) ಎಂಬ ಜಾಲತಾಣ ದಿನ, ನಿಮಿಷ, ದಿಕ್ಕು ಎಲ್ಲವನ್ನೂ ಕೊಡುತ್ತದೆ. ಅದರಲ್ಲಿ ನಿಮ್ಮ ಊರನ್ನು ತುಂಬಿಸುವುದನ್ನು ಮರೆಯಬೇಡಿ. ಬಾಹ್ಯಾಕಾಶ ನಿಲ್ದಾಣದ ಸಮಯ ಸಾಮಾನ್ಯವಾಗಿ ತಪ್ಪುವುದಿಲ್ಲ. ಹೊಸದಾಗಿ ಹಾರಿಸಿದ ಸಾಲಿನ ಎತ್ತರ ಮಾತ್ರ ದಿನದಿನಕ್ಕೂ ಬದಲಾಗುವುದರಿಂದ ಕೆಲವು ನಿಮಿಷ ಹಿಂದುಮುಂದಾಗಬಹುದು. ಹತ್ತು ನಿಮಿಷ ಮೊದಲೇ ಮಾಳಿಗೆಗೆ ಹೋಗಿ. ಮರೆಯಾದ ಕೂಡಲೇ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ. ನನಗೆ ಕರೆ ಮಾಡುವುದು ಆಮೇಲೆ.