ಉಪಗ್ರಹ ಹಾರಿಸುವಾಗ ಯಾವ ಹೊಣೆ ಯಾರದು?

ವಿದೇಶಿ ಉಪಗ್ರಹ ಹಾರಿದ ದಿನ ನಾವೆಲ್ಲ ‘ಇಸ್ರೋ ಹಾರಿಸಿತು’ ಅಂದುಬಿಡುತ್ತೇವೆ. ಓದಲು ಕೂತಾಗ ಅಷ್ಟು ಸಾಲದು. ನನಗೆ ಇದು ತಲೆಗೆ ಹತ್ತಿದ್ದು ಕಾರವಾರದ ಬೈತಖೋಲ ಬಂದರು ನೆನಪಾದಾಗ. ಬೋಟಿನ ಮಾಲೀಕರು ಒಬ್ಬರು, ಕಡಲಿಗೆ ಇಳಿದ ಮೇಲೆ ನಡೆಯುವುದು ಬೋಟು ನಡೆಸುವ ತಾಂಡೇಲರ ಮಾತು, ಲೈಸೆನ್ಸ್ ಇಲಾಖೆಯದ್ದು, ದಡಕ್ಕೆ ಬಂದ ಮೀನಿನ ಹರಾಜು ಕೂಗುವವರು ಬೇರೆಯೇ. ರಾಕೆಟ್ಟಿನಲ್ಲೂ ಹೀಗೇ ಕೆಲಸ ಹಂಚಿಹೋಗಿದೆ.

2022ರ ಅಕ್ಟೋಬರ್ 23ರ ಉಡಾವಣೆಯನ್ನೇ ತಗೊಳ್ಳಿ. ಮಧ್ಯರಾತ್ರಿ ದಾಟಿ 7 ನಿಮಿಷಕ್ಕೆ ಶ್ರೀಹರಿಕೋಟಾದಿಂದ ಎಲ್‌ವಿಎಂ3 ರಾಕೆಟ್ ಬ್ರಿಟನ್ನಿನ ಒನ್‌ವೆಬ್ ಕಂಪನಿಯ 36 ಇಂಟರ್ನೆಟ್ ಉಪಗ್ರಹ ಹೊತ್ತು ಹೊರಟಿತು. ಒನ್‌ವೆಬ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ್ದು ನ್ಯೂಸ್ಪೇಸ್ ಇಂಡಿಯಾ ಲಿಮಿಟೆಡ್, ಅಂದರೆ ಎನ್‌ಸಿಲ್. ಇದು 2019ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಬಾಹ್ಯಾಕಾಶ ಇಲಾಖೆಯ ಕೆಳಗಿದೆ. ಅದಕ್ಕೂ ಮುಂಚೆ ಈ ವ್ಯಾಪಾರ ನೋಡುತ್ತಿದ್ದದ್ದು 1992ರಲ್ಲಿ ಹುಟ್ಟಿದ ಆಂಟ್ರಿಕ್ಸ್. ರಾಕೆಟ್ ಇಸ್ರೋದ್ದು. ‘ಹೊರಡಲಿ’ ಅಂತ ಹೇಳುವುದು ಉಡಾವಣಾ ಅನುಮತಿ ಮಂಡಳಿ, ಅದು ಒಪ್ಪದೆ ಏನೂ ಹಾರುವುದಿಲ್ಲ.

ಹೊಣೆ ಕೈ ಬದಲಾಗುವ ಜಾಗ ಯಾವುದು? ಇಲ್ಲಿ ಸ್ವಲ್ಪ ನಿಂತು ನೋಡಿ. ರಾಕೆಟ್ ಸುಮಾರು 600 ಕಿ.ಮೀ. ಎತ್ತರದಲ್ಲಿ ಉಪಗ್ರಹಗಳನ್ನು ನಾಲ್ಕು ನಾಲ್ಕರಂತೆ ಒಂಬತ್ತು ಸಲ ಬಿಟ್ಟಿತು, ಒಂದಕ್ಕೊಂದು ತಾಗದ ಹಾಗೆ ಪ್ರತಿ ಸಲವೂ ದಿಕ್ಕು ಸರಿಮಾಡಿಕೊಂಡು. ಆ ಕ್ಷಣದವರೆಗೆ ಕೆಲಸ ರಾಕೆಟ್‌ನವರದ್ದು. ಅಲ್ಲಿಂದ 1,200 ಕಿ.ಮೀ.ಗೆ ಏರಿಸಿಕೊಳ್ಳುವುದು ಒನ್‌ವೆಬ್‌ನ ಪಾಡು. ಪರೀಕ್ಷೆಯಲ್ಲಿ ಬರೆಯುವಾಗ ಈ ಗೆರೆಯನ್ನು ದಯವಿಟ್ಟು ಬಿಡಬೇಡಿ, ಎಲ್ಲ ಗೊಂದಲ ಇಲ್ಲೇ ಇರುವುದು.

ಇನ್ನು ಇನ್‌ಸ್ಪೇಸ್ ಎಂಬ ಸರ್ಕಾರಿ ಸಂಸ್ಥೆ. 2020ರಲ್ಲಿ ಘೋಷಣೆಯಾಯಿತು, ಕಚೇರಿ ಅಹಮದಾಬಾದಿನಲ್ಲಿ. ಖಾಸಗಿಯವರಿಗೆ ಅನುಮತಿ ಕೊಡುವುದು, ಇಸ್ರೋದ ಸೌಲಭ್ಯ ಬಳಸಲು ದಾರಿ ಮಾಡಿಕೊಡುವುದು ಇದರ ಕೆಲಸ. ಇದು ರಾಕೆಟ್ ಮಾಡುವುದಿಲ್ಲ, ಮಾರುವುದೂ ಇಲ್ಲ. ನಾನು ಬಹಳ ದಿನ ಇದನ್ನೂ ಎನ್‌ಸಿಲ್ಲನ್ನೂ ಒಂದೇ ಅಂದುಕೊಂಡಿದ್ದೆ.

ಎನ್‌ಸಿಲ್ ಯಾವಾಗಲೂ ಮಾರುವವರ ಜಾಗದಲ್ಲೇ ಇರುತ್ತದೆ ಅಂತಲೂ ಇಲ್ಲ. 2024ರ ನವೆಂಬರಿನಲ್ಲಿ ಅದರದ್ದೇ ಜಿಸ್ಯಾಟ್-ಎನ್2 ಉಪಗ್ರಹ ಫ್ಲೋರಿಡಾದಿಂದ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9ರಲ್ಲಿ ಹೋಯಿತು. ತೂಕ 4,700 ಕೆ.ಜಿ., ಅದು ಹೋಗಬೇಕಿದ್ದ ಬಹಳ ಎತ್ತರದ ಕಕ್ಷೆಯ ದಾರಿಗೆ ನಮ್ಮ ಎಲ್‌ವಿಎಂ3 ಆಗ ಒಯ್ಯುತ್ತಿದ್ದದ್ದು ಸುಮಾರು 4 ಟನ್. ಅಲ್ಲಿ ಎನ್‌ಸಿಲ್ಲೇ ಗಿರಾಕಿ.

ಏನಾದರೂ ಕೆಳಗೆ ಬಿದ್ದು ಹಾನಿಯಾದರೆ? ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. 1972ರ ಹೊಣೆಗಾರಿಕೆ ಒಪ್ಪಂದದ ಪ್ರಕಾರ ಉತ್ತರ ಕೊಡಬೇಕಾದದ್ದು ದೇಶ. ಹಾರಿಸಿದ ದೇಶ, ಹಾರಿಸಲು ಹೇಳಿದ ದೇಶ, ನೆಲ ಅಥವಾ ನೆಲೆ ಕೊಟ್ಟ ದೇಶ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನೆಲದ ಮೇಲಿನ ಹಾನಿಗೆ ತಪ್ಪು ಯಾರದು ಅಂತ ಸಾಬೀತು ಮಾಡಬೇಕಿಲ್ಲ, ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಡಿಕ್ಕಿಯಾದರೆ ಮಾತ್ರ ಮಾಡಬೇಕು. ಕಂಪನಿಗಳು ತಮ್ಮೊಳಗೆ ಏನೇ ಬರೆದುಕೊಂಡರೂ, ವಿಮೆ ಮಾಡಿಸಿದರೂ, ಬೇರೆ ದೇಶ ಬಂದು ಬಾಗಿಲು ತಟ್ಟುವುದು ಸರ್ಕಾರದ್ದೇ. 1978ರಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್ 954 ಉಪಗ್ರಹ ಕೆನಡಾದ ಮೇಲೆ ಬಿದ್ದಾಗ ಕೆನಡಾ ಸರ್ಕಾರ ಸುಮಾರು 60 ಲಕ್ಷ ಡಾಲರ್ ಕೇಳಿತು. 1981ರಲ್ಲಿ ಸೋವಿಯತ್ ಸರ್ಕಾರ 30 ಲಕ್ಷ ಕೊಡಲು ಒಪ್ಪಿತು.